ತಾಮ್ರದ ಮೇಲೊಂದು ಚಿರತೆ

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ, ರೈಲುಹಳಿಯ ಮಗ್ಗುಲಿಗೇ ಎದ್ದು ನಿಂತ ಕಲ್ಲುಬೆಟ್ಟ ಮಾಕಳಿದುರ್ಗ. ನೆತ್ತಿಯ ಮೇಲೆ ಪಾಳುಬಿದ್ದ ಕೋಟೆ, ಶಿವನ ಹಳೆಯ ಗುಡಿ, ನಂದಿ. ಸುತ್ತಲಿನ ಕುರುಚಲು ಕಾಡಿನಲ್ಲಿ ಚಿರತೆ ಇದೆ, ನವಿಲು ಇದೆ, ಬಿಸಿಲೇರಿದ ಬಂಡೆಗಳ ಮೇಲೆ ಓತಿಕ್ಯಾತಗಳಿವೆ. ಈ ಬೆಟ್ಟದ ಬಂಡೆಯೊಂದರ ಮೇಲೆ ಮೈಚಾಚಿದ ಚಿರತೆಯನ್ನು ಅಂಗೈಯಗಲದ ತಾಮ್ರದ ತಗಡಿನ ಮೇಲೆ ಕೈಯಿಂದಲೇ ಕೆತ್ತಬೇಕು ಎಂದುಕೊಳ್ಳೋಣ. ಯಾವ ಉಳಿ ಹಿಡಿಯಬೇಕು, ಅದರ ತುದಿಯನ್ನು ಎಷ್ಟು ಡಿಗ್ರಿಗೆ ಸಾಣೆ ಹಿಡಿಯಬೇಕು, ಗೆರೆ ಎಷ್ಟು ಸಣ್ಣದಿರಬೇಕು? ಇವು ಕಸುಬಿನ ಪ್ರಶ್ನೆಗಳು. ಆದರೆ ಉತ್ತರಗಳು ಲೋಹದ ಹರಳುಗಳಲ್ಲಿ, ನಮ್ಮ ಕಣ್ಣಿನ ಮಿತಿಯಲ್ಲಿ ಮತ್ತು ಬೆಳಕು ಪುಟಿಯುವ ರೀತಿಯಲ್ಲಿ ಇವೆ.

ಮೊದಲು ಅಳತೆ. ಬಾಲ ಬಿಟ್ಟು ಚಿರತೆಯ ಉದ್ದ ಸುಮಾರು 120 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತಗಡಿನ ಮೇಲೆ ಅದಕ್ಕೆ 6 ಸೆಂಟಿಮೀಟರ್ ಜಾಗ ಕೊಟ್ಟರೆ ಚಿತ್ರ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಚಿರತೆಯ ಒಂದು ಕೂದಲಿನ ದಪ್ಪ 0.1 ಮಿಲಿಮೀಟರಿಗಿಂತ ಕಡಿಮೆ. ಇಪ್ಪತ್ತರಿಂದ ಭಾಗಿಸಿದರೆ 0.005 ಮಿಲಿಮೀಟರನ್ನೂ ದಾಟುವುದಿಲ್ಲ. ಒಳ್ಳೆಯ ದೃಷ್ಟಿಯ ಮನುಷ್ಯನ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ತಗಡನ್ನು 25 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಇದು 0.07 ಮಿಲಿಮೀಟರ್ ಆಗುತ್ತದೆ. ಅಂದರೆ ಒಂದೊಂದೇ ಕೂದಲನ್ನು ಅಳತೆಗೆ ಸರಿಯಾಗಿ ಕೆತ್ತಿದರೂ ನೋಡುವವರಿಗೆ ಅದು ಕಾಣದು. ಗೆರೆ, ಖಾಲಿ, ಮತ್ತೆ ಗೆರೆ ಎಂದು ಕಾಣಬೇಕಾದರೆ ಒಂದು ಗೆರೆಯಿಂದ ಇನ್ನೊಂದಕ್ಕೆ ಸುಮಾರು 0.15 ಮಿಲಿಮೀಟರ್ ಅಂತರ ಬೇಕು. ಅದಕ್ಕಿಂತ ಒತ್ತಾದರೆ ಗೆರೆಗಳು ಕಣ್ಣಿನೊಳಗೆ ಕಲೆತು ಬೂದು ಛಾಯೆಯಾಗುತ್ತವೆ. ಅದೂ ಬೇಕಾದದ್ದೇ, ಹೊಟ್ಟೆಯಡಿಯ ನೆರಳಿಗೆ ಅಂಥ ಛಾಯೆಯೇ ಸರಿ. ಆದರೆ ಭೂತಗನ್ನಡಿಯ ಕೆಳಗೆ ಎಷ್ಟು ಸಣ್ಣ ಗೆರೆ ಎಳೆದೆ ಎನ್ನುವುದೇ ಕುಶಲತೆಯ ಅಳತೆ ಎಂದು ಹೊಸಬರು ನಂಬುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕೂದಲು ಕೂದಲಾಗಿ ಕಾಣುವುದು ಸಣ್ಣತನದಿಂದ ಅಲ್ಲ. ಬೆಳಕಿನ ವಿಷಯಕ್ಕೆ ಬಂದಾಗ ಇದನ್ನು ವಿವರಿಸುತ್ತೇನೆ.

ಈಗ ಲೋಹ. ಉಳಿಯ ತುದಿ ತಾಮ್ರದೊಳಗೆ ಹೋದಾಗ ಏನಾಗುತ್ತದೆ? ಮರದ ಹಾಗೆ ಲೋಹ ಸೀಳುವುದಿಲ್ಲ. ತುದಿಯ ಮುಂದಿನ ಲೋಹ ಒತ್ತಿಕೊಂಡು, ಓರೆಯಾದ ಒಂದು ಪದರದಲ್ಲಿ ಜಾರಿ, ಸುರುಳಿಯಾಗಿ ಮೇಲೆದ್ದು ಬರುತ್ತದೆ. ಹಾಗೆ ಜಾರಲು ಸಾಧ್ಯವಾಗುವುದು ಹರಳುಗಳ ಜೋಡಣೆಯಲ್ಲಿರುವ ದೋಷಗಳಿಂದ. ಇಡೀ ಜಮಖಾನೆಯನ್ನು ಒಂದೇ ಸಲ ಎಳೆಯಲಾಗದಿದ್ದರೂ ಅದರಲ್ಲೊಂದು ಸುಕ್ಕು ಎಬ್ಬಿಸಿ ಈ ತುದಿಯಿಂದ ಆ ತುದಿಗೆ ತಳ್ಳಬಹುದು. ಪರಮಾಣುಗಳ ಸಾಲೂ ಹೀಗೆಯೇ ಒಂದೊಂದು ದೋಷದ ಬೆನ್ನೇರಿ ಸರಿಯುತ್ತದೆ. ತಾಮ್ರದ ಹರಳಿನಲ್ಲಿ ಇಂಥ ಜಾರುದಾರಿಗಳು ಹನ್ನೆರಡು. ಅದಕ್ಕೇ ತಾಮ್ರ ಅಷ್ಟು ಮೆದು. ಆದರೆ ಕೆತ್ತುತ್ತ ಹೋದಂತೆ ದೋಷಗಳು ಹೆಚ್ಚಿ, ಒಂದನ್ನೊಂದು ಅಡ್ಡಗಟ್ಟಿ, ಲೋಹ ಬಿರುಸಾಗುತ್ತದೆ. ಒಂದೇ ಗೆರೆಯ ಮೇಲೆ ನಾಲ್ಕು ಸಲ ಅಳುಕುತ್ತ ಉಳಿಯಾಡಿಸಿದರೆ ಐದನೆಯ ಸಲಕ್ಕೆ ತುದಿ ಜಾರಿ ಚಿರತೆಯ ಮುಖದ ಮೇಲೆ ಗೀರು ಎಳೆಯುವುದು ಇದರಿಂದಲೇ. ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯಿರಿ ಎಂದು ಹಿರಿಯ ಕಸುಬುದಾರರು ಹೇಳುವ ಮಾತಿನ ಹಿಂದೆ ಲೋಹವಿಜ್ಞಾನವಿದೆ.

ಉಳಿಗೆ ಯಾವ ಉಕ್ಕು? ಕಾಯಿಸಿ ತಣಿಸಿದ ತಾಮ್ರದ ಗಡಸುತನ ವಿಕರ್ಸ್ ಮಾಪನದಲ್ಲಿ ಸುಮಾರು 50, ಮೆದು ಉಕ್ಕಿನದು 130ರ ಆಸುಪಾಸು. ಹೈಸ್ಪೀಡ್ ಸ್ಟೀಲಿನದು 850ರ ಹತ್ತಿರ, ಟಂಗ್‌ಸ್ಟನ್ ಕಾರ್ಬೈಡಿನದು 1500ರ ಸುಮಾರು. ಹಾಗಿದ್ದರೆ ಕಾರ್ಬೈಡೇ ಮೇಲು ಅನಿಸಬಹುದು. ಆದರೆ ಅದು ಗಡಸಾದಷ್ಟೂ ಪೆಡಸು; ಉಳಿಯನ್ನು ಪಕ್ಕಕ್ಕೆ ತಿರುಚಿದರೆ ತುದಿ ಚಕ್ಕೆ ಎದ್ದುಹೋಗುತ್ತದೆ. ತಾಮ್ರಕ್ಕೂ ಬೆಳ್ಳಿಗೂ ಹೈಸ್ಪೀಡ್ ಸ್ಟೀಲ್ ಧಾರಾಳ ಸಾಕು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಲೇತ್ ಯಂತ್ರಕ್ಕೆಂದು ಮಾರುವ ಚೌಕ ಬಿಟ್‌ಗಳನ್ನೇ ತಂದು ಸಾಣೆ ಹಿಡಿದು, ಅಂಗೈಗೆ ಕೂರುವಂಥ ದುಂಡು ಮರದ ಹಿಡಿ ಹಾಕಿಕೊಳ್ಳಬಹುದು. ಹಳೆಯ ಅರದ ತುಂಡಿನಿಂದಲೂ ಉಳಿ ಮಾಡಿಕೊಳ್ಳುವವರಿದ್ದಾರೆ. ಅದು ಸಾದಾ ಇಂಗಾಲದ ಉಕ್ಕು. ಸಾಣೆ ಹಿಡಿಯುವಾಗ ಬಿಸಿಯಾಗಿ ತುದಿ ನೀಲಿಗಟ್ಟಿತೆಂದರೆ ಉಷ್ಣತೆ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಹದ ಇಳಿದುಹೋಗಿದೆ ಎಂದೇ ಲೆಕ್ಕ. ಆ ನೀಲಿ ಬಣ್ಣವೇ ಉಷ್ಣಮಾಪಕ: ಮೇಲೆ ಬೆಳೆದ ಆಕ್ಸೈಡ್ ಪೊರೆ ಎಷ್ಟು ದಪ್ಪವೋ ಅದಕ್ಕೆ ತಕ್ಕ ಬಣ್ಣ ಅದರಲ್ಲಿ ಕಾಣಿಸಿಕೊಳ್ಳುತ್ತದೆ.

ತುದಿಯ ಮುಖವನ್ನು ಉಳಿಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಉಳಿಯನ್ನು ತಗಡಿನಿಂದ 15ರಿಂದ 20 ಡಿಗ್ರಿ ಎತ್ತಿ ಹಿಡಿಯುವುದು ತಾಮ್ರಕ್ಕೆ ಒಗ್ಗುವ ಕ್ರಮ. ಆಗ ಮುಖ ಹಿಂದಕ್ಕೆ ವಾಲಿಕೊಂಡಿದ್ದು ಸುರುಳಿ ಸಲೀಸಾಗಿ ಮೇಲೇರುತ್ತದೆ. ಗಟ್ಟಿ ಉಕ್ಕನ್ನು ಕೆತ್ತಬೇಕಿದ್ದರೆ ಮುಖವನ್ನು 50ರಿಂದ 60 ಡಿಗ್ರಿಗೆ ನೆಟ್ಟಗೆ ಮಾಡುತ್ತಾರೆ. ಕೊರೆಯುವ ಸಲೀಸು ಕಡಿಮೆಯಾದರೂ ತುದಿಯ ಬೆನ್ನಿಗೆ ಹೆಚ್ಚು ಉಕ್ಕು ಉಳಿದು ಅದು ಮುರಿಯದೆ ನಿಲ್ಲುತ್ತದೆ.

ಇಲ್ಲಿಯವರೆಗಿನದು ಉಳಿ ಕೊರೆಯುವಂತೆ ಮಾಡುವ ವಿಚಾರ. ಚಿತ್ರವನ್ನು ನಿರ್ಧರಿಸುವುದು ಬೇರೊಂದು ಕೋನ. ಉಳಿಯನ್ನು ಎದುರಿನಿಂದ ನೋಡಿದಾಗ ಅದರ ಎರಡು ಕೆನ್ನೆಗಳು ಕೂಡಿ ಮಾಡುವ ಕೋನ ಅದು. ತಗಡಿನಲ್ಲಿ ಬೀಳುವ ಕಾಲುವೆಗೂ ಅದೇ ಕೋನ. 0.1 ಮಿಲಿಮೀಟರ್ ಅಗಲದ ಗೆರೆ ಬೇಕು ಎನ್ನಿ. 60 ಡಿಗ್ರಿ ಉಳಿಯನ್ನು 0.087 ಮಿಲಿಮೀಟರ್ ಆಳಕ್ಕೆ ಇಳಿಸಬೇಕು. 90 ಡಿಗ್ರಿಯದಾದರೆ 0.05, 120 ಡಿಗ್ರಿಯದಕ್ಕೆ 0.029 ಸಾಕು. ಅಗಲ ಒಂದೇ ಇದ್ದರೂ 60ರ ಉಳಿ ಹೊರಗೆ ತೆಗೆಯುವ ಲೋಹ 120ರ ಉಳಿಯದಕ್ಕಿಂತ ಮೂರು ಪಟ್ಟು. ಕೈಗೆ ಅಷ್ಟೇ ಹೆಚ್ಚು ದಣಿವು. ಹಾಗಂತ ಅಗಲದ ಉಳಿಯೇ ಲೇಸು ಎನ್ನುವಂತಿಲ್ಲ. ಕೈ ಅರಿಯದೆ 0.01 ಮಿಲಿಮೀಟರ್ ಹೆಚ್ಚು ಒತ್ತಿದರೆ 60ರ ಗೆರೆ 0.012 ಮಿಲಿಮೀಟರ್ ಅಗಲವಾದೀತು, 120ರ ಗೆರೆಯಾದರೋ 0.035. ಅಗಲದ ಉಳಿ ಕೈಯ ಪ್ರತಿ ಅಲುಗನ್ನೂ ಮೂರು ಪಟ್ಟು ಹಿಗ್ಗಿಸಿ ಬರೆದಿಡುತ್ತದೆ.

ಎಂಥ ಸ್ಥಿರವಾದ ಕೈಯೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಸೂಕ್ಷ್ಮವಾಗಿ ನಡುಗುತ್ತದೆ. ಅದು ಸ್ನಾಯುಗಳ ಸ್ವಭಾವ. ಅದಕ್ಕೇ ಹೆಬ್ಬೆರಳನ್ನು ತಗಡಿಗೆ ಊರಿ, ಉಳಿಯನ್ನು ಅದರ ಮಗ್ಗುಲಲ್ಲಿ ಜಾರಿಸುತ್ತಾರೆ. ಬಾಗುಗೆರೆ ಬಂದಾಗ ಉಳಿಯನ್ನು ತಿರುಗಿಸುವುದಕ್ಕಿಂತ ಎಡಗೈಯಿಂದ ತಗಡನ್ನೇ ತಿರುಗಿಸುವುದು ಸರಿ. ಈಗ ಗಾಳಿಯ ಒತ್ತಡದಿಂದ ಬಡಿಯುವ ಉಳಿಗಳೂ ಬಂದಿವೆ. ಅವು ತಳ್ಳುವ ಶ್ರಮವನ್ನು ಹೊರುತ್ತವೆ, ದಿಕ್ಕನ್ನು ಕೈಯೇ ತೋರಿಸಬೇಕು.

ಮೂರೇ ಉಳಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಒಂದೇ ಅಗಲದಲ್ಲಿ ಓಡಬೇಕಾದ ಮೀಸೆ ಮತ್ತು ಹುಲ್ಲಿನ ಎಸಳಿಗೆ 60ರ ಸುಮಾರಿನದು, ಎಲ್ಲದಕ್ಕೂ ಆಗುವ 90ರದು, ಸಣ್ಣಗೆ ಹುಟ್ಟಿ ದಪ್ಪವಾಗಿ ಮತ್ತೆ ಸಣ್ಣಗಾಗುವ ರೋಮದ ಗೆರೆಗೆ 120ರದು. ಒಮ್ಮೆಗೇ ಏಳೆಂಟು ಗೆರೆ ಎಳೆಯುವ ಹಲ್ಲಿನ ಉಳಿಗಳೂ ಸಿಗುತ್ತವೆ. ಅವುಗಳಿಂದ ಕೆತ್ತಿದ ಪ್ರಾಣಿಗೆ ಬಾಚಣಿಗೆ ಆಡಿಸಿದ ಮೈ ಬರುತ್ತದೆ, ಜೀವ ಬರುವುದಿಲ್ಲ. ಕಾಡುಪ್ರಾಣಿಗೆ ಅವನ್ನು ಬಳಸಬೇಡಿ.

ಪ್ರಾಣಿಯನ್ನು ಲೋಹದಲ್ಲಿ ಹಿಡಿದಿಡುವ ಆಸೆ ಈ ಸೀಮೆಗೆ ಹೊಸದಲ್ಲ. ಗಂಗ ಅರಸರ ತಾಮ್ರಪಟಗಳನ್ನು ಕೋದ ಬಳೆಯ ಮುದ್ರೆಯ ಮೇಲೆ ಆನೆ ನಿಂತಿರುತ್ತದೆ. ಅವಿನೀತನ ಹೆಸರಿನ ಒಂದು ಪಟವಂತೂ ಇದೇ ಜಿಲ್ಲೆಯ ಹೊಸಕೋಟೆಯದು. ಮುದ್ರೆಯ ಆನೆ ಉಬ್ಬುಚಿತ್ರ, ಹಲಗೆಗಳ ಅಕ್ಷರ ಕೊರೆದದ್ದು. ಉಜ್ಜಿ ಸವೆಯದಂತೆ ಹಲಗೆಯ ಅಂಚನ್ನು ಎತ್ತರಿಸುವ ಜಾಣ್ಮೆಯನ್ನೂ ಇಂಥ ಪಟಗಳಲ್ಲಿ ನೋಡಬಹುದು. ಹಲವು ಗಂಗ ಶಾಸನಗಳ ಕೊನೆಗೆ ಬರೆದವನ ಹೆಸರು ವಿಶ್ವಕರ್ಮಾಚಾರ್ಯ ಎಂದಿದೆ. ಅರಸನ ವಂಶಾವಳಿಯ ಜೊತೆಗೆ ಉಳಿ ಹಿಡಿದವನ ಹೆಸರೂ ಅದೇ ತಾಮ್ರದಲ್ಲಿ ಉಳಿದಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಅಲ್ಲಿಂದ ಸಾವಿರ ವರ್ಷಕ್ಕೂ ಮೀರಿ ಈಚೆಗೆ ಬಂದರೆ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್. ಅವನಿಗಾಗಿ ತಯಾರಾದ ಕತ್ತಿ, ಬಂದೂಕುಗಳ ಮೇಲೆ ಹುಲಿ ಎರಡು ರೀತಿಯಲ್ಲಿ ಬರುತ್ತದೆ. ಒಂದು, ಪೂರ್ತಿ ಹುಲಿ: ಬಂದೂಕಿನ ಕುದುರೆಗೆ ಹುಲಿಯ ರೂಪ, ಕತ್ತಿಯ ಹಿಡಿಗೆ ಹುಲಿಯ ತಲೆ. ಇನ್ನೊಂದು ಬಬ್ರಿ. ಹುಲಿಯ ಮೈಪಟ್ಟೆಯನ್ನಷ್ಟೇ ಕಿತ್ತು ತೆಗೆದು ನಳಿಗೆಯ ಮೇಲೂ ಅಲಗಿನ ಮೇಲೂ ಸಾಲಾಗಿ ಹೂಡಿದ, ನಡು ದಪ್ಪ ತುದಿ ಮೊನಚಾದ ಬಾಗುಗುರುತು. ಕೆತ್ತನೆಗಾರನ ಕಣ್ಣಿಂದ ನೋಡಿದರೆ ಬಬ್ರಿ ಬಹಳ ದೊಡ್ಡ ಯೋಚನೆ. ಅಗಲದ ಉಳಿಯನ್ನು ಒತ್ತಿ ಸಡಿಲಿಸಿದರೆ ತಾನಾಗಿ ಹುಟ್ಟುವ ಆಕಾರವೂ, ಹುಲಿಯ ಮೈಮೇಲೆ ಬೆಳೆಯುವ ಆಕಾರವೂ ಅಲ್ಲಿ ಒಂದಾಗಿವೆ. ಒಂದು ಕೂದಲನ್ನೂ ಬಿಡಿಸದೆ ನೋಡಿದ ಕೂಡಲೇ ಹುಲಿ ಎನಿಸುತ್ತದೆ.

ಇನ್ನು ಬೆಳಕು. ನುಣುಪು ಮಾಡಿದ ತಗಡು ಒಂದು ಕನ್ನಡಿ. ಅದರಲ್ಲಿ ಕೊರೆದ ಕಾಲುವೆಯ ಎರಡು ಗೋಡೆಗಳೂ ಕನ್ನಡಿಗಳೇ, ಉಳಿಯ ಕೆನ್ನೆಗಳು ನುಣುಪಾಗಿದ್ದರೆ. ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರೋಮೀಟರ್, ಗೋಡೆಯ ತರಿ ಅದಕ್ಕಿಂತ ತುಂಬ ಚಿಕ್ಕದಿದ್ದರೆ ಮಾತ್ರ ಕನ್ನಡಿಯ ಹೊಳಪು. ಉಳಿಯ ತುದಿಯನ್ನು ವಜ್ರದ ಪುಡಿಯಲ್ಲಿ ತಿಕ್ಕುವುದು ಅದಕ್ಕೆ. 90 ಡಿಗ್ರಿ ಕಾಲುವೆಗೆ ಬೆಳಕು ನೆಟ್ಟಗೆ ಮೇಲಿನಿಂದ ಬಿದ್ದರೆ ಒಂದು ಗೋಡೆಯಿಂದ ಅಡ್ಡಲಾಗಿ ಎದುರು ಗೋಡೆಗೆ ಹಾರಿ, ಅಲ್ಲಿಂದ ಬಂದ ದಾರಿಗೇ ಹಿಂತಿರುಗುತ್ತದೆ. 120 ಡಿಗ್ರಿಯದರಲ್ಲಿ ಹಾಗಲ್ಲ. ಮೇಲಿನ ಬೆಳಕು 60 ಡಿಗ್ರಿ ಓರೆಯಾಗಿ ಪಕ್ಕಕ್ಕೆ ಜಾರಿಹೋಗುತ್ತದೆ, ಅಷ್ಟೇ ಓರೆಯಿಂದ ಬರುವ ಕಿಟಕಿಯ ಬೆಳಕು ನೆಟ್ಟಗೆ ನೋಡುವವರ ಕಣ್ಣಿಗೆ ಬರುತ್ತದೆ. ಒಂದೇ ಅಗಲದ ಎರಡು ಗೆರೆಗಳಲ್ಲಿ ಒಂದು ಮಿಂಚಿ ಇನ್ನೊಂದು ಕಪ್ಪಾಗುವುದು ಹೀಗೆ.

ಮುಖ್ಯವಾದದ್ದು ಮುಂದಿದೆ. ಕಾಲುವೆಯ ಉದ್ದಕ್ಕೂ ಅದರ ಆಕಾರ ಬದಲಾಗುವುದಿಲ್ಲ. ಆದ್ದರಿಂದ ಗೋಡೆಗಳ ಕೋನ ಎಷ್ಟೇ ಇರಲಿ, ಬೆಳಕಿನ ಕಿರಣ ಗೆರೆಯ ಉದ್ದದ ಕಡೆಗೆ ಎಷ್ಟು ವಾಲಿ ಬಂತೋ ಅಷ್ಟೇ ವಾಲಿ ಹೊರಡುತ್ತದೆ; ಅಡ್ಡಡ್ಡ ಮಾತ್ರ ದಿಕ್ಕು ಬದಲಿಸುತ್ತದೆ. ಒಂದು ಕೂದಲಿನ ಮೇಲ್ಮೈಯಿಂದ ಬೆಳಕು ಪುಟಿಯುವ ನಿಯಮವೂ ಬಹುಮಟ್ಟಿಗೆ ಇದೇ. ಜೇಮ್ಸ್ ಕಜಿಯಾ ಮತ್ತು ತಿಮೊತಿ ಕೇ 1989ರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಆಟಿಕೆ ಕರಡಿಯೊಂದರ ರೋಮವನ್ನು ಮೂಡಿಸಿದಾಗ ಬಳಸಿದ್ದು ಇದನ್ನೇ: ಕೂದಲನ್ನು ತೆಳ್ಳನೆಯ ಉರುಳೆ ಎಂದು ಭಾವಿಸಿ, ಅದು ಯಾವ ದಿಕ್ಕಿಗೆ ಮಲಗಿದೆ ಎನ್ನುವುದರಿಂದ ಹೊಳಪನ್ನು ಲೆಕ್ಕ ಹಾಕಿದರು. ಚಿರತೆ ಮೈ ಹೊರಳಿಸಿದಾಗ ಭುಜದ ಮೇಲೆ ಹೊಳಪಿನ ಪಟ್ಟೆ ಸರಿದಾಡುತ್ತದೆ. ಕೂದಲು ಮಲಗಿದ ದಿಕ್ಕಿಗೇ ಗೆರೆ ಎಳೆದ ತಗಡನ್ನು ಕೈಯಲ್ಲಿ ಓಲಾಡಿಸಿದರೂ ಅಂಥದೇ ಹೊಳಪು ಅಂಥದೇ ರೀತಿಯಲ್ಲಿ ಸರಿಯುತ್ತದೆ. ಕಾಗದದ ಮೇಲಿನ ಚಿತ್ರ ಇದನ್ನು ಕೊಡಲಾರದು. ಗೆರೆ ಎಷ್ಟು ಸಣ್ಣದು ಎನ್ನುವುದಕ್ಕಿಂತ ಗೆರೆಯ ದಿಕ್ಕು ಸರಿಯಿದೆಯೇ ಎನ್ನುವುದಕ್ಕೆ ನಾನು ಒತ್ತು ಕೊಡುವುದು ಇದೇ ಕಾರಣಕ್ಕೆ. ಮೂಗಿನ ತುದಿಯಿಂದ ಹಣೆಗೆ, ಕೆನ್ನೆಯಿಂದ ಕತ್ತಿಗೆ, ಭುಜದಿಂದ ಕಾಲಿಗೆ ರೋಮ ಹರಿಯುವ ದಿಕ್ಕನ್ನು ಮೊದಲು ಕಾಗದದ ಮೇಲೆ ಬಾಣದ ಗುರುತುಗಳಿಂದ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಆದರೆ ಓಲಾಡುವ ಹೊಳಪಿಗೆ ಒಂದು ತೊಂದರೆ ಇದೆ. ದೀಪ ಬೇರೆ ಕಡೆ ಇದ್ದರೆ ಬೆಳಕು ಇರಬೇಕಾದಲ್ಲಿ ಕತ್ತಲು ಕಾಣುತ್ತದೆ, ಚಿತ್ರ ತಿರುವುಮುರುವಾಗುತ್ತದೆ. ಇದಕ್ಕೆ ಕರ್ನಾಟಕದಲ್ಲಿ ಕಂಡುಕೊಂಡ ಅತ್ಯುತ್ತಮ ಉತ್ತರ ಬೀದರಿನ ಬಿದರಿ ಕಲೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಲ್ಲಿ ಉಜ್ಜಿ ನುಣುಪಾದ ಮೇಲೆ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಗೀರಿದ ಗೆರೆ ಎದ್ದು ಕಾಣಲಿ ಎಂದು. ಆಮೇಲೆ ಕಲಂ ಎಂದು ಕರೆಯುವ ಉಕ್ಕಿನ ಉಳಿಗಳಿಂದ ಕೊರೆದು, ಕಾಲುವೆಯೊಳಕ್ಕೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಇಲ್ಲಿ ಎರಡು ಲೋಹಗಳ ಹರಳುಗುಣ ಒಂದಕ್ಕೊಂದು ಒದಗಿಬರುತ್ತದೆ. ಬೆಳ್ಳಿಯ ಹರಳು ತಾಮ್ರದಂಥದೇ, ಬಡಿದಲ್ಲಿ ಹರಡಿ ಮೂಲೆಮೂಲೆಗೂ ತುಂಬುತ್ತದೆ. ಸತುವಿನ ಹರಳು ಷಟ್ಕೋನದ್ದು, ಜಾರುದಾರಿ ಕಡಿಮೆ; ಅದು ಅಲುಗದೆ ನಿಂತು ಬೆಳ್ಳಿಯನ್ನು ಬಿಗಿಹಿಡಿಯುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಲ್ಲಿ ಕುದಿಸಿ ಹಚ್ಚಿದರೆ ಮೇಲ್ಮೈಯ ಸತುವು ಕರಗಿ, ಉಳಿದ ತಾಮ್ರ ಸೂಕ್ಷ್ಮ ಕಣಗಳ ಆಕ್ಸೈಡಾಗಿ ಶಾಶ್ವತವಾದ ಕಪ್ಪು ನಿಲ್ಲುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಕಪ್ಪು ಬೆಳಕನ್ನು ನುಂಗುತ್ತದೆ, ಬೆಳ್ಳಿ ಎಸೆಯುತ್ತದೆ. ದೀಪ ಎಲ್ಲಿದ್ದರೂ ಚಿತ್ರ ಕದಲದು. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಿದರಿಯಲ್ಲಿ ಹೂವು ಬಳ್ಳಿಗಳದೇ ಹೆಚ್ಚುಗಾರಿಕೆ. ಆದರೆ ಕಪ್ಪು ನೆಲದ ಮೇಲೆ ಬಿಳಿ ಗೆರೆಯಿಂದ ಪ್ರಾಣಿಯನ್ನು ಕಟ್ಟುವ ದಾರಿ ಎಷ್ಟು ಬಲವಾದದ್ದು ಎನ್ನುವುದಕ್ಕೆ ಇಂಗ್ಲೆಂಡಿನ ತಾಮಸ್ ಬೀವಿಕ್ ಸಾಕ್ಷಿ. ಲೋಹ ಕೆತ್ತುವವನ ಬಳಿ ಕಸುಬು ಕಲಿತ ಆತ, ಅದೇ ಉಳಿಗಳನ್ನು ಮರದ ಅಚ್ಚಿನ ಮೇಲೆ ಆಡಿಸಿ 1790ರಲ್ಲಿ ಚತುಷ್ಪಾದಿಗಳ ಪುಸ್ತಕ ತಂದ. ಅಚ್ಚಿನಲ್ಲಿ ಕೊರೆದ ಗೆರೆ ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಅವನ ಪ್ರಾಣಿಗಳ ರೋಮವೆಲ್ಲ ಅಂಥ ಬಿಳಿಗೆರೆ.

ನಮ್ಮ ಚಿರತೆಗೆ ನಾನಂತೂ ಬರಿಯ ತಾಮ್ರವನ್ನೇ ಆರಿಸುತ್ತೇನೆ. ತಾಮ್ರ ನೀಲಿ, ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಹೆಚ್ಚಾಗಿ ಮರಳಿಸುತ್ತದೆ. ಚಿರತೆಯ ಮೈಬಣ್ಣಕ್ಕೆ ಬೇಕಾದ ಬೆಚ್ಚನೆ ಅದರಲ್ಲೇ ಇದೆ. ಮೈಮೇಲಿನ ಕಪ್ಪು ಗುರುತುಗಳಿಗೆ ಆಳವಾಗಿ ಕೊರೆದು ಕಪ್ಪು ತುಂಬಿ, ನಡುವಣ ರೋಮವನ್ನು ಹೊಳೆಯುವ ಗೆರೆಯಾಗಿಯೇ ಬಿಡಬಹುದು. ಬಂಡೆಗೆ ಗೆರೆ ಬೇಡ, ಚುಕ್ಕಿ ಸಾಕು. ಗ್ರಾನೈಟ್ ಎಂದರೆ ಸ್ಫಟಿಕಶಿಲೆ, ಫೆಲ್ಡ್‌ಸ್ಪಾರ್, ಅಭ್ರಕಗಳ ಕಾಳುಗಳು. ಕೆಲವು ಮಿಲಿಮೀಟರಿನ ಕಾಳು ಇಪ್ಪತ್ತರಲ್ಲೊಂದಾದಾಗ ಉಳಿಯ ತುದಿ ಒತ್ತಿದ ಚುಕ್ಕಿಯ ಅಳತೆಗೇ ಬರುತ್ತದೆ. ಪಕ್ಕದಲ್ಲಿ ಓತಿಕ್ಯಾತವನ್ನೂ ಕೂರಿಸಬಹುದು. ಮಿಲನದ ಕಾಲದಲ್ಲಿ ಗಂಡಿನ ಬೆನ್ನು ಕೆಂಪು ಕಿತ್ತಳೆ, ಪಕ್ಕೆ ಕಪ್ಪು. ಆ ಬಣ್ಣಗಳು ಎದುರಿಗಿರುವುದು ಹೆಣ್ಣೋ ಎದುರಾಳಿಯೋ ಎಂಬುದಕ್ಕೆ ತಕ್ಕಂತೆ ಬೇಗ ಬೇಗ ಬದಲಾಗುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಅವರ ತಂಡ ಅಧ್ಯಯನ ಮಾಡಿದೆ. ತಿಳಿ ಬೆನ್ನು, ಕಪ್ಪು ಪಕ್ಕೆ: ಕೆತ್ತನೆಗೆ ಹೇಳಿಮಾಡಿಸಿದ ಪ್ರಾಣಿ.

ನವಿಲನ್ನು ಬಿಟ್ಟುಬಿಡಿ. ಅದರ ಗರಿಯ ಬಣ್ಣ ಹುಟ್ಟುವುದು ಸುಮಾರು 150 ನ್ಯಾನೊಮೀಟರ್ ಅಂತರದಲ್ಲಿ ಒಪ್ಪವಾಗಿ ಜೋಡಿಸಿದ ಕಡ್ಡಿಗಳಿಂದ. ಕೈಗೆರೆ ಅದಕ್ಕಿಂತ ನೂರಾರು ಪಟ್ಟು ದೊರಗು. ಲೋಹದಲ್ಲಿ ಬರಿಯ ಗೆರೆಯಿಂದ ಕಾಮನಬಿಲ್ಲಿನ ಬಣ್ಣ ತರಿಸಿದವರು ಇದ್ದಾರೆ. 1822ರಲ್ಲಿ ಲಂಡನ್ನಿನ ಜಾನ್ ಬಾರ್ಟನ್ ಹಾಗೆ ಹೊಳೆಯುವ ಗುಂಡಿಗಳಿಗೆ ಪೇಟೆಂಟ್ ಪಡೆದ. ಆದರೆ ಆ ಗೆರೆಗಳನ್ನು ಎಳೆದದ್ದು ಯಂತ್ರ.

ಕೊನೆಯದಾಗಿ ರೋಸೆಟ್‌ಗಳು, ಚಿರತೆಯ ಮೈಮೇಲಿನ ಒಡೆದ ಉಂಗುರಗಳು. ನಾಲ್ಕೈದು ಸೆಂಟಿಮೀಟರಿನ ಉಂಗುರ ತಗಡಿನ ಮೇಲೆ ಎರಡು ಮಿಲಿಮೀಟರಿಗೆ ಇಳಿದರೂ ಅದರೊಳಗೆ ಹದಿಮೂರು ಹದಿನಾಲ್ಕು ಗೆರೆ ಬಿಡಿಬಿಡಿಯಾಗಿ ಕಾಣುವಷ್ಟು ಜಾಗವಿದೆ. ಅವನ್ನು ಮನಸ್ಸಿಗೆ ಬಂದಂತೆ ಚೆಲ್ಲುವಂತಿಲ್ಲ. ಸಂಜಯ್ ಗುಬ್ಬಿಯವರಂಥ ವನ್ಯಜೀವಿ ವಿಜ್ಞಾನಿಗಳು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಕರ್ನಾಟಕದ ಚಿರತೆಗಳನ್ನು ಎಣಿಸುವುದು ಈ ಗುರುತುಗಳನ್ನು ಹೋಲಿಸಿಯೇ. ಒಂದು ಚಿರತೆಯದು ಇನ್ನೊಂದಕ್ಕಿಲ್ಲ, ಒಂದೇ ಚಿರತೆಯ ಎಡಮೈಯದು ಬಲಮೈಗಿಲ್ಲ. ಆದ್ದರಿಂದ ಒಂದೇ ಪ್ರಾಣಿಯ, ಒಂದೇ ಮಗ್ಗುಲಿನ ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡು ಉಂಗುರ ಉಂಗುರವಾಗಿ ತಗಡಿಗೆ ಇಳಿಸಬೇಕು. ತಗಡಿಗೆ ಶಾಯಿ ತುಂಬಿ ಕಾಗದಕ್ಕೆ ಅಚ್ಚೊತ್ತುವ ಉದ್ದೇಶವಿದ್ದರೆ ಛಾಯಾಚಿತ್ರವನ್ನು ಮೊದಲೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಬೇಕು. ಇಲ್ಲವಾದರೆ ಕಾಗದದ ಮೇಲೆ ಮೂಡುವುದು ಮಾಕಳಿದುರ್ಗದಲ್ಲಿ ಮಾತ್ರವಲ್ಲ, ಎಲ್ಲಿಯೂ ಇಲ್ಲದ ಚಿರತೆ.